ಸೋಲಿನ ಲೆಕ್ಕ: ಮಾಜಿ ತರಬೇತುದಾರನನ್ನು ಅಳೆಯುವುದು ಹೇಗೆ?

2023ನೆಯ ಇಸವಿ ಡಿಸೆಂಬರ್ 8ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡವು ಮುಂಬಯಿ ಸಿಟಿ ತಂಡಕ್ಕೆ ನಾಲ್ಕು ಗೋಲುಗಳಿಂದ ಸೋತಿತು. ತಾನು ಒಂದು ಗೋಲನ್ನೂ ಹೊಡೆಯಲಿಲ್ಲ. ಇದಾದ ಮರುದಿನವೇ ತಂಡದ ತರಬೇತುದಾರರಾಗಿದ್ದ ಇಂಗ್ಲೆಂಡಿನ ಸೈಮನ್ ಗ್ರೇಸನ್ ಅವರನ್ನು ಆಡಳಿತವರ್ಗವು ಬೀಳ್ಕೊಟ್ಟಿತು.

ಆ ರಾತ್ರಿ ಪೀಣ್ಯದ ಕಡೆಗೆ ಹೋಗುವ ಮೆಟ್ರೋ ರೈಲಿನಲ್ಲಿ ನಾನೂ ಇದ್ದೆ. ನೀಲಿ ಅಂಗಿ ತೊಟ್ಟ ಹತ್ತಾರು ಮಂದಿ ನಮ್ಮ ಡಬ್ಬಿಯಲ್ಲಿದ್ದರು. ಕೆಂಪೇಗೌಡ ನಿಲ್ದಾಣದಿಂದ ಪೀಣ್ಯ ಮುಟ್ಟುವುದರೊಳಗೆ ಗ್ರೇಸನ್ ಅವರ ದೋಷಗಳ ಪಟ್ಟಿಯೊಂದು ಸಿದ್ಧವಾಯಿತು. ಹಿಂಬದಿಯಲ್ಲಿ ಮೂವರನ್ನೇ ನಿಲ್ಲಿಸಿದ್ದು ತಪ್ಪು. ಚೆಂಡನ್ನು ಉದ್ದಕ್ಕೆ ಒದೆಯಿಸಿದ್ದು ತಪ್ಪು. ಬದಲಿ ಆಟಗಾರರನ್ನು ತಡವಾಗಿ ಇಳಿಸಿದ್ದು ತಪ್ಪು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇಥ್ ಯಂತ್ರ ನಡೆಸುವ ಹಿರಿಯರೊಬ್ಬರು ನನ್ನ ಕಡೆ ತಿರುಗಿ, “ನಾನು ಮೊದಲ ದಿನವೇ ಹೇಳಿದ್ದೆ ಮೇಷ್ಟ್ರೇ, ಈ ಮನುಷ್ಯನಿಂದ ಆಗುವುದಿಲ್ಲ ಅಂತ” ಎಂದರು. ನಾನೂ ತಲೆಯಾಡಿಸಿ, “ನನಗೂ ಹಾಗೇ ಅನ್ನಿಸಿತ್ತು” ಎಂದೆ.

ಮನೆಗೆ ಬಂದ ಮೇಲೆ ನನ್ನ ಟಿಪ್ಪಣಿ ಪುಸ್ತಕವನ್ನು ತೆರೆದು ನೋಡಿದೆ. ಅದೇ ವರ್ಷದ ಫೆಬ್ರುವರಿ ತಿಂಗಳಿನ ಪುಟದಲ್ಲಿ, “ಈತ ತಂಡವನ್ನು ಹೊಸದಾಗಿ ಕಟ್ಟಿದ್ದಾನೆ; ಇವನನ್ನು ಕೆಲವು ವರ್ಷ ಉಳಿಸಿಕೊಳ್ಳಬೇಕು” ಎಂದು ನನ್ನ ಕೈಬರಹದಲ್ಲಿಯೇ ಬರೆದಿತ್ತು. ರೈಲಿನಲ್ಲಿ ನಾನು ಆಡಿದ್ದು ಬೇಕೆಂದು ಹೇಳಿದ ಸುಳ್ಳಲ್ಲ. ಹಾಗೆ ಅನ್ನಿಸಿತ್ತೆಂದೇ ನಾನು ನಂಬಿದ್ದೆ. ಆದರೂ ಅದು ಸುಳ್ಳಾಗಿತ್ತು. ಇಂತಹ ಸುಳ್ಳು ಹುಟ್ಟುವುದು ಹೇಗೆ, ಕಣ್ಮರೆಯಾದ ತರಬೇತುದಾರನೊಬ್ಬನ ಗುಣದೋಷಗಳನ್ನು ನ್ಯಾಯವಾಗಿ ತೂಗುವ ಬಗೆ ಯಾವುದು ಎಂಬುದನ್ನು ವಿಜ್ಞಾನದ ದೃಷ್ಟಿಯಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಗೋಲು ಎಂಬ ಅಪರೂಪದ ಘಟನೆ

ಕ್ರಿಕೆಟ್ಟಿನಲ್ಲಿ ಒಂದು ದಿನಕ್ಕೆ ನೂರಾರು ಓಟಗಳು ಬರುತ್ತವೆ. ಕಾಲ್ಚೆಂಡಾಟದಲ್ಲಿಯಾದರೋ ಎರಡೂ ತಂಡಗಳು ಸೇರಿ ಒಂದು ಪಂದ್ಯದಲ್ಲಿ ಹೊಡೆಯುವ ಗೋಲುಗಳು ಸಾಮಾನ್ಯವಾಗಿ ಎರಡು ಅಥವಾ ಮೂರು. ತೊಂಬತ್ತು ನಿಮಿಷಗಳ ಓಟ, ನೂರಾರು ಒದೆತ, ಹತ್ತಾರು ಪ್ರಯತ್ನ ಇವೆಲ್ಲದರ ಫಲ ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಅಡಗಿರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಅದರಲ್ಲಿ ಆಕಸ್ಮಿಕದ ಪಾಲು ದೊಡ್ಡದು.

ಇಂತಹ ಅಪರೂಪದ ಘಟನೆಗಳ ಲೆಕ್ಕವನ್ನು ಫ್ರೆಂಚ್ ಗಣಿತಜ್ಞ ಪುವಾಸೋನ್ 1837ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದನು. ಅದನ್ನು ಪ್ರಸಿದ್ಧಗೊಳಿಸಿದ್ದು ಒಂದು ವಿಚಿತ್ರವಾದ ಉದಾಹರಣೆ. ಬೋರ್ಟ್‌ಕೇವಿಚ್ ಎಂಬ ಅರ್ಥಶಾಸ್ತ್ರಜ್ಞನು ಪ್ರಷ್ಯದ ಅಶ್ವದಳಗಳಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕವನ್ನು 1898ರಲ್ಲಿ ಪ್ರಕಟಿಸಿದನು. ಹತ್ತು ದಳಗಳು, ಇಪ್ಪತ್ತು ವರ್ಷಗಳು. ಅಂದರೆ 200 ದಾಖಲೆಗಳು. ಒಟ್ಟು ಸಾವು 122. ಇವುಗಳಲ್ಲಿ 109 ದಾಖಲೆಗಳಲ್ಲಿ ಒಂದು ಸಾವೂ ಇರಲಿಲ್ಲ. 65ರಲ್ಲಿ ಒಂದೊಂದು, 22ರಲ್ಲಿ ಎರಡೆರಡು, 3ರಲ್ಲಿ ಮೂರು ಮೂರು, ಒಂದೇ ಒಂದರಲ್ಲಿ ನಾಲ್ಕು ಸಾವುಗಳಿದ್ದವು. ಎಲ್ಲ ದಳಗಳಿಗೂ ಅಪಾಯ ಒಂದೇ ಎಂದು ಭಾವಿಸಿ ಪುವಾಸೋನನ ಸೂತ್ರದಿಂದ ಲೆಕ್ಕ ಹಾಕಿದರೆ ಬರುವ ಸಂಖ್ಯೆಗಳೂ ಹೆಚ್ಚುಕಡಮೆ ಇವೇ. ನಾಲ್ಕು ಸಾವು ಕಂಡ ದಳದ ನಾಯಕನನ್ನು ಅಂದು ಯಾರಾದರೂ ದೂರಿದ್ದರೆ, ಅವನು ಮಾಡದ ತಪ್ಪಿಗೆ ಅವನನ್ನು ದೂರಿದಂತಾಗುತ್ತಿತ್ತು.

ಕುದುರೆಯ ಒದೆತಕ್ಕೆ ಹೊಂದುವ ಸೂತ್ರವು ಚೆಂಡಿನ ಒದೆತಕ್ಕೂ ಸುಮಾರಾಗಿ ಹೊಂದುತ್ತದೆ. ಎರಡು ತಂಡಗಳನ್ನು ಊಹಿಸಿಕೊಳ್ಳೋಣ. ಬಲವಾದ ತಂಡವು ಪಂದ್ಯಕ್ಕೆ ಸರಾಸರಿ 1.6 ಗೋಲು ಹೊಡೆಯುತ್ತದೆ, ದುರ್ಬಲ ತಂಡವು 1.0 ಹೊಡೆಯುತ್ತದೆ ಎನ್ನೋಣ. ವ್ಯತ್ಯಾಸ ಸಣ್ಣದಲ್ಲ, ಮೊದಲನೆಯದು ಎರಡನೆಯದಕ್ಕಿಂತ ನೂರಕ್ಕೆ ಅರವತ್ತರಷ್ಟು ಮೇಲು. ಆದರೂ ಸೂತ್ರದಂತೆ ಲೆಕ್ಕ ಹಾಕಿದರೆ ಬಲವಾದ ತಂಡವು ನೂರು ಪಂದ್ಯಗಳಲ್ಲಿ ಸುಮಾರು 51ನ್ನು ಗೆಲ್ಲುತ್ತದೆ, 25 ಸಮವಾಗುತ್ತವೆ, ಉಳಿದ 24ರಲ್ಲಿ ಅದು ಸೋಲುತ್ತದೆ. ನಾಲ್ಕು ಪಂದ್ಯಕ್ಕೆ ಒಂದರಂತೆ ಯಾರ ತಪ್ಪೂ ಇಲ್ಲದೆ ಸೋಲು!

ಗೆಲುವಿಗೆ ಮೂರು ಅಂಕ, ಸಮಕ್ಕೆ ಒಂದು ಅಂಕ ಎಂದು ಎಣಿಸಿದರೆ ಈ ತಂಡಕ್ಕೆ ಇಪ್ಪತ್ತು ಪಂದ್ಯಗಳಲ್ಲಿ ಸರಾಸರಿ 36 ಅಂಕಗಳು ಬರಬೇಕು. ಆದರೆ ಈ 36ರ ಎರಡೂ ಬದಿಗೆ ಸುಮಾರು ಆರು ಅಂಕಗಳಷ್ಟು ತೂಗಾಟವನ್ನು ಆಕಸ್ಮಿಕವೊಂದೇ ಉಂಟುಮಾಡಬಲ್ಲದು. ಅದೇ ಆಟಗಾರರು, ಅದೇ ತರಬೇತುದಾರ, ಅದೇ ಸಾಮರ್ಥ್ಯ. ಒಂದು ವರ್ಷ 42 ಅಂಕ, ಇನ್ನೊಂದು ವರ್ಷ 30. ಮೊದಲನೆಯ ವರ್ಷ ಹಾರ, ಎರಡನೆಯ ವರ್ಷ ಗಡೀಪಾರು.

ಎಂಟು ಋತುಗಳ ಲೆಕ್ಕ

ಈಗ ಊಹೆಯನ್ನು ಬಿಟ್ಟು ನಮ್ಮ ಊರಿನ ತಂಡದ ಕಡೆಗೆ ಬರೋಣ. ಬೆಂಗಳೂರಿಗೆ ಕಾಲ್ಚೆಂಡಾಟ ಹೊಸದಲ್ಲ. ಎಚ್‌ಎಎಲ್, ಐಟಿಐ ಮುಂತಾದ ಕಾರ್ಖಾನೆಗಳ ತಂಡಗಳನ್ನು ನೋಡಿ ಬೆಳೆದ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಬೆಂಗಳೂರು ಎಫ್‌ಸಿ ಸ್ಥಾಪನೆಯಾದದ್ದು 2013ರಲ್ಲಿ. ಆಶ್ಲಿ ವೆಸ್ಟ್‌ವುಡ್ ಅವರ ಕೈಕೆಳಗೆ ಅದು 2014ರಲ್ಲಿಯೂ 2016ರಲ್ಲಿಯೂ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ಸೇರಿತು.

ಅಲ್ಲಿಂದ ಮುಂದಿನ ಎಂಟು ಋತುಗಳ ಲೀಗ್ ಪಂದ್ಯಗಳ ಅಂಕಗಳು ಹೀಗಿವೆ. 2017-18ರಲ್ಲಿ ಆಲ್ಬರ್ಟ್ ರೋಕಾ ಅವರ ಅಡಿಯಲ್ಲಿ 18 ಪಂದ್ಯಗಳಿಗೆ 40 ಅಂಕ. ಕಾರ್ಲೆಸ್ ಕ್ವಾದ್ರಾತ್ ಅವರ ಕಾಲದಲ್ಲಿ 2018-19ರಲ್ಲಿ 18 ಪಂದ್ಯಗಳಿಗೆ 34, 2019-20ರಲ್ಲಿ 18ಕ್ಕೆ 30. 2020-21ರಲ್ಲಿ 20ಕ್ಕೆ 22. ಕ್ವಾದ್ರಾತ್ ನಿರ್ಗಮಿಸಿದ್ದು ಈ ಋತುವಿನ ಮಧ್ಯದಲ್ಲಿ. 2021-22ರಲ್ಲಿ ಮಾರ್ಕೊ ಪೆಟ್ಸಾಯುವೋಲಿ ಅವರ ಅಡಿಯಲ್ಲಿ 20ಕ್ಕೆ 29. 2022-23ರಲ್ಲಿ ಗ್ರೇಸನ್ ಅವರ ಅಡಿಯಲ್ಲಿ 20ಕ್ಕೆ 34. 2023-24ರಲ್ಲಿ ಗ್ರೇಸನ್ ನಿರ್ಗಮನವೂ ಜೆರಾರ್ಡ್ ಸರಗೋಸಾ ಅವರ ಆಗಮನವೂ ಒಂದೇ ಋತುವಿನಲ್ಲಿ ನಡೆದು 22 ಪಂದ್ಯಗಳಿಗೆ 22 ಅಂಕ. 2024-25ರಲ್ಲಿ ಸರಗೋಸಾ ಅವರ ಅಡಿಯಲ್ಲಿಯೇ 24ಕ್ಕೆ 38.

ಪಂದ್ಯವೊಂದಕ್ಕೆ ಇಷ್ಟು ಎಂದು ಭಾಗಿಸಿದರೆ ಕ್ರಮವಾಗಿ 2.22, 1.89, 1.67, 1.10, 1.45, 1.70, 1.00, 1.58 ಎಂಬ ಸಂಖ್ಯೆಗಳು ದೊರೆಯುತ್ತವೆ. ಇವುಗಳ ಸರಾಸರಿ ಸುಮಾರು 1.6. ಈ ಸರಾಸರಿಯಿಂದ ಸಂಖ್ಯೆಗಳು ಎಷ್ಟು ಚದರಿವೆ ಎಂಬುದನ್ನು ಅಳೆಯುವ ಮಾನಕ ವಿಚಲನೆ ಸುಮಾರು 0.40. ತಂಡದ ಸಾಮರ್ಥ್ಯ ಎಂಟು ವರ್ಷವೂ ಒಂದೇ ಆಗಿದ್ದು ಆಕಸ್ಮಿಕವೊಂದೇ ಕೆಲಸ ಮಾಡಿದ್ದರೆ ಬರಬೇಕಾಗಿದ್ದ ವಿಚಲನೆ ಸುಮಾರು 0.29. ವಿಚಲನೆಗಳನ್ನು ನೇರವಾಗಿ ಹೋಲಿಸದೆ ಅವುಗಳ ವರ್ಗಗಳನ್ನು ಹೋಲಿಸಬೇಕೆಂಬುದು ಸಂಖ್ಯಾಶಾಸ್ತ್ರದ ನಿಯಮ. ಹಾಗೆ ಹೋಲಿಸಿದರೆ 0.16ರಲ್ಲಿ 0.08, ಅಂದರೆ ಏರಿಳಿತದ ಅರ್ಧದಷ್ಟು ಬರಿಯ ಆಕಸ್ಮಿಕದ ಕೆಲಸವಾಗಿರಬಹುದು.

ಎಂಟೇ ಸಂಖ್ಯೆಗಳಿಂದ ಬಂದ ಈ ಅಂದಾಜು ಒರಟು ಅಂದಾಜೇ ಸರಿ. ಆದರೂ ಇದರ ತಾತ್ಪರ್ಯ ಸ್ಪಷ್ಟವಾಗಿದೆ. ಉಳಿದ ಅರ್ಧವೆಲ್ಲ ತರಬೇತುದಾರನದೇ ಎನ್ನುವಂತೆಯೂ ಇಲ್ಲ. ಆಟಗಾರರ ಬದಲಾವಣೆ, ಗಾಯಗಳು, ಎದುರಾಳಿಗಳ ಬಲ, 2020-21 ಮತ್ತು 2021-22ರ ಋತುಗಳು ಸಾಂಕ್ರಾಮಿಕದ ನಿಮಿತ್ತ ಪೂರ್ತಿಯಾಗಿ ಗೋವೆಯಲ್ಲಿಯೇ ನಡೆದುದು ಇವೆಲ್ಲವೂ ಅದರಲ್ಲಿ ಪಾಲುದಾರರು. ತರಬೇತುದಾರನಿಗೆ ಉಳಿಯುವುದು ಅರ್ಧದಲ್ಲೊಂದು ಅಂಶ ಮಾತ್ರ. ನಾವು ಅವನಿಗೆ ಹೊರಿಸುವುದಾದರೋ ಇಡೀ ಹೊರೆಯನ್ನು.

ಸರಾಸರಿಯ ಸೆಳೆತ

“ಹಾಗಾದರೆ ತರಬೇತುದಾರನನ್ನು ಬದಲಾಯಿಸಿದ ಮೇಲೆ ತಂಡಗಳು ಸುಧಾರಿಸುವುದನ್ನು ನಾವು ಕಣ್ಣಾರೆ ಕಂಡಿಲ್ಲವೆ?” ಎಂದು ವಾಚಕರು ಕೇಳಬಹುದು. ಕಂಡಿದ್ದೇವೆ. ಆದರೆ ಅದರ ಕಾರಣವನ್ನು ತಿಳಿಯಲು ಒಂದು ಚಿಕ್ಕ ಪ್ರಯೋಗ ಸಾಕು.

ತರಗತಿಯ ನಲವತ್ತು ವಿದ್ಯಾರ್ಥಿಗಳು ಒಬ್ಬೊಬ್ಬರೂ ಐದು ದಾಳಗಳನ್ನು ಎಸೆಯಲಿ. ಮೊತ್ತದ ಸರಾಸರಿ 17.5 ಇರಬೇಕು. ಅತಿ ಕಡಮೆ ಮೊತ್ತ ಬಂದ ಹತ್ತು ಮಂದಿಯನ್ನು ಬೇರೆ ನಿಲ್ಲಿಸಿರಿ. ಅವರ ಸರಾಸರಿ 13ರ ಆಸುಪಾಸಿನಲ್ಲಿರುತ್ತದೆ. ಅವರನ್ನು ಚೆನ್ನಾಗಿ ಗದರಿಸಿ ಮತ್ತೆ ಎಸೆಯಲು ಹೇಳಿರಿ. ಅವರ ಸರಾಸರಿ ಪುನಃ 17.5ರ ಹತ್ತಿರಕ್ಕೆ ಬರುತ್ತದೆ. ಗದರಿಕೆ ಫಲಿಸಿತೆಂದು ಮೇಷ್ಟ್ರು ಹಿಗ್ಗಬಹುದು. ದಾಳಗಳಿಗೆ ಮಾತ್ರ ಕಿವಿಯಿಲ್ಲ. ಇದಕ್ಕೆ ಸರಾಸರಿಯ ಕಡೆಗೆ ಮರಳುವಿಕೆ ಎಂದು ಹೆಸರು. ತಂದೆತಾಯಿಗಳ ಎತ್ತರಕ್ಕೂ ಮಕ್ಕಳ ಎತ್ತರಕ್ಕೂ ಇರುವ ಸಂಬಂಧವನ್ನು ಅಳೆಯುತ್ತಿದ್ದ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಇದನ್ನು ವಿವರಿಸಿದನು.

ತರಬೇತುದಾರರನ್ನು ಕಳುಹಿಸುವುದು ತಂಡವು ಅತ್ಯಂತ ಕೆಳಗಿಳಿದ ಗಳಿಗೆಯಲ್ಲಿ. ಅಲ್ಲಿಂದ ಮುಂದೆ, ಯಾರು ಬಂದರೂ ಬರದಿದ್ದರೂ, ಮೇಲಕ್ಕೇರುವ ಸಂಭವವೇ ಹೆಚ್ಚು. ನೆದರ್‌ಲೆಂಡ್ಸಿನ ಕಾಲ್ಚೆಂಡಿನ ಸಂಸ್ಥೆಗಳಲ್ಲಿ 1986ರಿಂದ 2004ರವರೆಗೆ ನಡೆದ ಇಂತಹ ಬದಲಾವಣೆಗಳನ್ನು ಬಾಸ್ ಟೆರ್ ವೇಲ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಬಲವಂತದ ಬದಲಾವಣೆಯಿಂದ ತಂಡದ ಸಾಧನೆ ಉತ್ತಮವಾಗುವುದಕ್ಕೆ ಅವರಿಗೆ ಆಧಾರ ದೊರೆಯಲಿಲ್ಲ.

ನಮ್ಮ ತಂಡದ ಕಥೆಯಲ್ಲಿಯೂ ಇದಕ್ಕೆ ಸಾಕ್ಷಿಯುಂಟು. 2021ರ ಜನವರಿಯಲ್ಲಿ ಸತತ ಮೂರು ಸೋಲುಗಳ ಬಳಿಕ ಕ್ವಾದ್ರಾತ್ ನಿರ್ಗಮಿಸಿದರು. ತಂಡವು ಕೂಡಲೇ ಚೇತರಿಸಿಕೊಳ್ಳಲಿಲ್ಲ. ಏಳನೆಯ ಸ್ಥಾನಕ್ಕಿಳಿದು ಮೊದಲ ಬಾರಿಗೆ ಉಪಾಂತ್ಯದಿಂದ ಹೊರಗುಳಿಯಿತು. ಗ್ರೇಸನ್ ಹೋದ ಮೇಲೆಯೂ ಆ ಋತು ಹತ್ತನೆಯ ಸ್ಥಾನದಲ್ಲಿಯೇ ಮುಗಿಯಿತು. ಆದರೆ ಹತ್ತನೆಯ ಸ್ಥಾನದ ಋತುವನ್ನು ಮುಗಿಸಿದ ಸರಗೋಸಾ ಅವರನ್ನು ಆಡಳಿತವರ್ಗವು ಉಳಿಸಿಕೊಂಡಿತು. ಮರುವರ್ಷ ಅದೇ ಮನುಷ್ಯನ ಅಡಿಯಲ್ಲಿ ತಂಡವು ಮೂರನೆಯ ಸ್ಥಾನಕ್ಕೇರಿ, 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಅಂತಿಮ ಪಂದ್ಯವನ್ನಾಡಿ, ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗಾನ್ ತಂಡಕ್ಕೆ 2-1ರಿಂದ ಸೋತಿತು. ಮೊದಲ ವರ್ಷದಲ್ಲಿಯೇ ಅವರನ್ನು ಕಳುಹಿಸಿದ್ದರೆ ಅವರ ದೋಷಗಳ ಪಟ್ಟಿಯೂ ಇಂದು ನಮ್ಮ ನಾಲಗೆಯ ತುದಿಯಲ್ಲಿರುತ್ತಿತ್ತು.

ಲೇಥ್ ಯಂತ್ರದ ಪಾಠ

ರೈಲಿನಲ್ಲಿ ಸಿಕ್ಕಿದ ಆ ಹಿರಿಯರನ್ನು ಕೆಲವು ದಿನಗಳ ಮೇಲೆ ಪೀಣ್ಯದ ಚಹಾ ಅಂಗಡಿಯಲ್ಲಿ ಮತ್ತೆ ಕಂಡೆ. “ನೀವು ತಿರುಗಿಸಿದ ಶಾಫ್ಟು ಒಂದು ದಪ್ಪವಾಗಿ ಬಂದರೆ ಕೂಡಲೇ ಯಂತ್ರದ ಸೆಟ್ಟಿಂಗ್ ಬದಲಾಯಿಸುತ್ತೀರಾ?” ಎಂದು ಕೇಳಿದೆ. ಅವರು ನಕ್ಕು, “ಒಂದು ಪೀಸು ನೋಡಿ ಸೆಟ್ಟಿಂಗ್ ಮುಟ್ಟುವವನು ಕೆಲಸ ಕೆಡಿಸುತ್ತಾನೆ ಮೇಷ್ಟ್ರೇ, ನಾಲ್ಕೈದಾದರೂ ಅಳೆದು ನೋಡಬೇಕು” ಎಂದರು.

ಈ ಅನುಭವದ ಮಾತಿನ ಹಿಂದೆ ಗಣಿತವಿದೆ. ಸರಿಯಾಗಿ ನಿಲ್ಲಿಸಿದ ಯಂತ್ರದಿಂದ ಬಂದ ಐದು ಶಾಫ್ಟುಗಳ ಅಳತೆ ಗೊತ್ತುಪಡಿಸಿದ್ದಕ್ಕಿಂತ ಕ್ರಮವಾಗಿ +6, -4, +5, -3, +2 ಮೈಕ್ರಾನುಗಳಷ್ಟು ಬೇರೆಯಾಗಿದೆ ಎನ್ನೋಣ. ಅತಿ ಹೆಚ್ಚಿಗೂ ಅತಿ ಕಡಮೆಗೂ ಅಂತರ 10 ಮೈಕ್ರಾನ್. ಈಗ ಆತುರದ ಕೆಲಸಗಾರನೊಬ್ಬನು ಪ್ರತಿಯೊಂದು ತಪ್ಪನ್ನೂ ಕಂಡ ಕೂಡಲೇ ಅಷ್ಟೇ ಪ್ರಮಾಣದಲ್ಲಿ ಯಂತ್ರವನ್ನು ಎದುರು ದಿಕ್ಕಿಗೆ ಸರಿಸುತ್ತಾ ಹೋಗಲಿ. ಮೊದಲನೆಯದು +6, ಆದ್ದರಿಂದ 6 ಕಡಮೆ ಮಾಡುತ್ತಾನೆ. ಎರಡನೆಯದು -4 ಬರಬೇಕಾದದ್ದು -10 ಬರುತ್ತದೆ. ಗಾಬರಿಯಿಂದ 10 ಹೆಚ್ಚಿಸುತ್ತಾನೆ, ಮೂರನೆಯದು +9. ಮುಂದಿನವು -8, +5. ಅಂತರವೀಗ 19 ಮೈಕ್ರಾನ್! ಹೀಗೆಯೇ ಮುಂದುವರಿದರೆ ಚದರುವಿಕೆಯ ವರ್ಗವು ಸರಿಯಾಗಿ ಎರಡರಷ್ಟಾಗುತ್ತದೆಂದು ಸಿದ್ಧಪಡಿಸಬಹುದು. ಅವನು ಸೋಮಾರಿಯಲ್ಲ, ಅವನ ಶ್ರದ್ಧೆಯೇ ಸರಕನ್ನು ಕೆಡಿಸಿತು.

ಆದರೆ ಉಳಿ ಸವೆದಾಗಲೂ ಸುಮ್ಮನೆ ಕೂರಬೇಕೆ? ಕೂಡದು. ಆಕಸ್ಮಿಕವಾದ ತೂಗಾಟ ಯಾವುದು, ಹುಡುಕಬೇಕಾದ ಕಾರಣವುಳ್ಳ ಕೇಡು ಯಾವುದು ಎಂಬುದನ್ನು ಬೇರ್ಪಡಿಸಲು ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಒಂದು ನಕ್ಷೆಯನ್ನು ರೂಪಿಸಿದನು. ಸರಾಸರಿಯ ಗೆರೆಯ ಮೇಲೂ ಕೆಳಗೂ ಮೂರು ವಿಚಲನೆಗಳ ದೂರದಲ್ಲಿ ಎರಡು ಎಲ್ಲೆಗಳನ್ನು ಎಳೆಯಬೇಕು. ಅಳತೆಗಳು ಎಲ್ಲೆಯೊಳಗೆ ಕ್ರಮವಿಲ್ಲದೆ ಆಡುತ್ತಿದ್ದರೆ ಯಂತ್ರವನ್ನು ಮುಟ್ಟಬಾರದು. ಎಲ್ಲೆ ಮೀರಿದರೆ, ಅಥವಾ ಒಂದೇ ದಿಕ್ಕಿಗೆ ಸಾಲಾಗಿ ಜರಗಿದರೆ, ಯಂತ್ರವನ್ನು ನಿಲ್ಲಿಸಿ ಕಾರಣವನ್ನು ಹುಡುಕಬೇಕು. ಮಹಲನೋಬಿಸರ ಆಹ್ವಾನದ ಮೇರೆಗೆ ಶೂಹಾರ್ಟನು 1947-48ರಲ್ಲಿ ಭಾರತಕ್ಕೂ ಬಂದಿದ್ದನು. ಅವನ ವಿಧಾನವು ಇಂದು ಪೀಣ್ಯದ ಅನೇಕ ಕಾರ್ಖಾನೆಗಳಲ್ಲಿ ನಿತ್ಯದ ಬಳಕೆಯಲ್ಲಿದೆ. ಹಗಲೆಲ್ಲ ಅದನ್ನು ಪಾಲಿಸುವ ನಾವು ಸಂಜೆ ಕ್ರೀಡಾಂಗಣದ ಮೆಟ್ಟಿಲೇರಿದೊಡನೆ ಮರೆಯುತ್ತೇವೆ.

ನೆನಪಿನ ಮೋಸ

ಇನ್ನು ನನ್ನ ಟಿಪ್ಪಣಿ ಪುಸ್ತಕದ ವಿಷಯ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗಿಗೂ ಮಾಸ್ಕೋವಿಗೂ ಹೊರಡುವ ಮುನ್ನ ಬರೂಕ್ ಫಿಷಾಫ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಇಸ್ರೇಲಿನ ವಿದ್ಯಾರ್ಥಿಗಳನ್ನು, ಈ ಭೇಟಿಗಳಿಂದ ಏನೇನು ಫಲ ಉಂಟಾದೀತು, ಒಂದೊಂದರ ಸಂಭವ ಎಷ್ಟು ಎಂದು ಕೇಳಿ ಬರೆಯಿಸಿಕೊಂಡರು. ಭೇಟಿಗಳು ಮುಗಿದ ಬಳಿಕ, ಮೊದಲು ತಾವು ಬರೆದಿದ್ದ ಸಂಖ್ಯೆಗಳನ್ನು ನೆನಪಿಸಿಕೊಳ್ಳಿರೆಂದು ಅವರನ್ನೇ ಕೇಳಿದರು. ನಡೆದುಹೋದ ಸಂಗತಿಗಳಿಗೆ ತಾವು ನಿಜವಾಗಿ ಬರೆದಿದ್ದುದಕ್ಕಿಂತ ಹೆಚ್ಚಿನ ಸಂಭವವನ್ನು ಕೊಟ್ಟಿದ್ದೆವೆಂದು ಬಹುಮಂದಿ ನೆನೆದರು. ಫಲ ಗೊತ್ತಾದೊಡನೆ ಮನಸ್ಸು ತನ್ನ ಹಳೆಯ ಕಡತವನ್ನು ಗುಟ್ಟಾಗಿ ತಿದ್ದಿಬಿಡುತ್ತದೆ. ತಿದ್ದಿದ ಗುರುತನ್ನೂ ಉಳಿಸುವುದಿಲ್ಲ.

ಒಂದೇ ಗುಣವು ಗೆದ್ದಾಗ ಜಾಣ್ಮೆಯಾಗಿಯೂ ಸೋತಾಗ ದೋಷವಾಗಿಯೂ ಕಾಣುವುದಕ್ಕೆ ಇದೇ ಮೂಲ. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ತಂಡದ ಎದುರಿನ ಅಂತಿಮ ಪಂದ್ಯವು ಗೋಲಿಲ್ಲದೆ ಸಾಗಿ, ಹೆಚ್ಚುವರಿ ಅವಧಿಯು ಮುಗಿಯುತ್ತ ಬಂದಾಗ, ಕಾರ್ನರ್ ಒದೆತವೊಂದಕ್ಕೆ ರಾಹುಲ್ ಭೇಕೆ ತಲೆಕೊಟ್ಟು ಬೆಂಗಳೂರಿಗೆ ಪ್ರಶಸ್ತಿಯನ್ನು ತಂದರು. ಅಂದು ಅದು ಕ್ವಾದ್ರಾತ್ ಅವರ ಸಿದ್ಧತೆಯ ಫಲವೆಂದು ಹೊಗಳಿದೆವು. ಮುಂದೆ ಸೋಲುಗಳು ಬಂದಾಗ, ಕಾರ್ನರ್ ಮತ್ತು ಫ್ರೀ ಕಿಕ್‌ಗಳನ್ನೇ ನೆಚ್ಚಿಕೊಂಡಿದ್ದಾರೆ ಎಂಬುದೇ ಅವರ ಮೇಲಿನ ದೂರಾಯಿತು. 2023ರ ಮಾರ್ಚ್ 18ರ ಅಂತಿಮ ಪಂದ್ಯದಲ್ಲಿ ಗ್ರೇಸನ್ ಅವರ ತಂಡವು 2-2ರ ಸಮ ಸಾಧಿಸಿ, ಪೆನಾಲ್ಟಿ ಒದೆತಗಳಲ್ಲಿ 4-3ರಿಂದ ಸೋತಿತು. ಒಂದೆರಡು ಒದೆತಗಳು ಬೇರೆಯಾಗಿದ್ದರೆ ಅವರ ಚಿತ್ರ ಇಂದು ನಮ್ಮ ಮನೆಯ ಗೋಡೆಯ ಮೇಲಿರುತ್ತಿತ್ತು.

ಹಾಗಾದರೆ ದೋಷವೇ ಇಲ್ಲವೆ?

ಎಲ್ಲವನ್ನೂ ಆಕಸ್ಮಿಕದ ತಲೆಗೆ ಕಟ್ಟುವುದೂ ಇನ್ನೊಂದು ಬಗೆಯ ಸೋಮಾರಿತನವೇ. 2022-23ರ ಲೀಗಿನಲ್ಲಿ ಗ್ರೇಸನ್ ಅವರ ತಂಡವು ಮೊದಲ 12 ಪಂದ್ಯಗಳಲ್ಲಿ ಎಂಟನ್ನು ಸೋತು, ಕೊನೆಯ ಎಂಟನ್ನೂ ಗೆದ್ದಿತು. ಗೆಲುವಿನ ಸಂಭವ ನೂರಕ್ಕೆ 51 ಇರುವ ಬಲವಾದ ತಂಡಕ್ಕೂ ಎಂಟು ಪಂದ್ಯಗಳನ್ನು ಸಾಲಾಗಿ ಗೆಲ್ಲುವ ಸಂಭವ ಸಾವಿರಕ್ಕೆ ಐದಕ್ಕಿಂತ ಹೆಚ್ಚಿಲ್ಲ. ಆದ್ದರಿಂದ ಅಲ್ಲಿ ಏನೋ ನಿಜವಾಗಿಯೂ ಬದಲಾಗಿತ್ತು. ಆ ಅವಧಿಯಲ್ಲಿ ಸುನಿಲ್ ಛೇತ್ರಿಯಂತಹ ನಾಯಕನನ್ನೂ ಬದಲಿಯಾಗಿ ಕೂರಿಸಿ ಶಿವಶಕ್ತಿ ನಾರಾಯಣನ್ ಎಂಬ ಎಳೆಯನನ್ನು ಮುಂದೆ ಆಡಿಸುವ ಧೈರ್ಯ ತೋರಿದವರು ಇದೇ ಗ್ರೇಸನ್. ಅವರ ದೋಷಗಳನ್ನು ಎಣಿಸುವವರು ಈ ಪುಟವನ್ನೂ ಎಣಿಸಬೇಕು. ಹಾಗೆಯೇ, ಆ ಏಳಿಗೆಯಲ್ಲಿ ಅವರಿಗೆ ಪಾಲುಂಟೆಂದರೆ, ಮುಂದಿನ ಋತುವಿನ ಆರಂಭದ ಕುಸಿತದಲ್ಲಿಯೂ ಪಾಲಿಲ್ಲವೆನ್ನುವಂತಿಲ್ಲ. ಏಳಿಗೆಗೂ ಕುಸಿತಕ್ಕೂ ಒಂದೇ ತಕ್ಕಡಿ ಬೇಕು.

ವಾಚಕರು ಮುಂದಿನ ಋತುವಿನಲ್ಲಿ ಸ್ವತಃ ಮಾಡಬಹುದಾದ ಒಂದು ಪರೀಕ್ಷೆಯಿದೆ. ಪ್ರತಿ ಪಂದ್ಯಕ್ಕೂ ಮುಂಚೆ ಗೆಲುವು, ಸಮ, ಸೋಲು ಇವುಗಳ ಸಂಭವ ನೂರಕ್ಕೆ ಎಷ್ಟೆಷ್ಟೆಂದು ಬರೆದಿಡಿರಿ. ತರಬೇತುದಾರನ ತೀರ್ಮಾನವನ್ನು ಮೆಚ್ಚುವುದಾದರೂ ಹಳಿಯುವುದಾದರೂ ಫಲ ತಿಳಿಯುವುದಕ್ಕೆ ಮೊದಲೇ ಬರೆಯಿರಿ. ಇಪ್ಪತ್ತು ಪಂದ್ಯಗಳಾದ ಬಳಿಕ ಓದಿ ನೋಡಿರಿ. ನನಗೆ ಆ ಓದು ಬಹಳ ನಾಚಿಕೆಯನ್ನೂ ಸ್ವಲ್ಪ ವಿವೇಕವನ್ನೂ ತಂದಿತು.

ಇದು ಆಟದ ಮಾತು ಮಾತ್ರವೆಂದು ತಳ್ಳಿಹಾಕಲಾಗದು. ಒಂದು ರಾತ್ರಿಯ ಪಾಳಿಯಲ್ಲಿ ಸರಕು ಕೆಟ್ಟಿತೆಂದು ಕೆಲಸ ಕಳೆದುಕೊಳ್ಳುವ ಮೇಸ್ತ್ರಿ, ಒಂದು ತ್ರೈಮಾಸಿಕದ ಲೆಕ್ಕ ಇಳಿಯಿತೆಂದು ವೈಟ್‌ಫೀಲ್ಡಿನಲ್ಲಿಯೋ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೋ ಕೆಳಗಿಳಿಸಲ್ಪಡುವ ತಂಡದ ಮುಖ್ಯಸ್ಥ, ಒಂದು ವರ್ಷದ ಫಲಿತಾಂಶದಿಂದ ದಡ್ಡರೆನ್ನಿಸಿಕೊಳ್ಳುವ ಉಪಾಧ್ಯಾಯ, ಒಂದು ಪರೀಕ್ಷೆಯಿಂದ ತೂಗಲ್ಪಡುವ ಹುಡುಗಿ ಇವರೆಲ್ಲರೂ ಆ ತರಬೇತುದಾರನ ಬಂಧುಗಳೇ. ಗ್ರೇಸನ್ ಊರು ಬಿಟ್ಟು ಹೋದರು. ಇವರು ನಮ್ಮ ಮಧ್ಯದಲ್ಲಿಯೇ ಇರುತ್ತಾರೆ.

ಚಹಾ ಅಂಗಡಿಯಲ್ಲಿ ಈ ಲೆಕ್ಕವನ್ನೆಲ್ಲ ಕೇಳಿದ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾಲ್ಕೈದು ಪೀಸು ನೋಡಬೇಕಾಗಿತ್ತು ಅನ್ನಿ” ಎಂದರು. ಇನ್ನೂ ಒಂದು ಗುಟುಕು ಕುಡಿದು, “ಆದರೂ ಬದಲಿಗಳನ್ನು ತಡವಾಗಿ ಇಳಿಸಿದ್ದು ತಪ್ಪೇ ಮೇಷ್ಟ್ರೇ” ಎಂದರು. ಇರಬಹುದು. ಆ ಒಂದು ದೂರನ್ನಾದರೂ ಮುಂದಿನ ಪಂದ್ಯಕ್ಕೆ ಮುಂಚೆಯೇ ಬರೆದಿಟ್ಟು ಪರೀಕ್ಷಿಸೋಣವೆಂದು ಇಬ್ಬರೂ ಒಪ್ಪಿಕೊಂಡೆವು.